ಹೆಣ್ಣೆಂಬುದಕ್ಕೆ ಪುರಾವೆ

1968ರಿಂದ ಸುಮಾರು ಮೂರು ದಶಕಗಳ ಕಾಲ, ಒಲಿಂಪಿಕ್ಸ್‌ಗೆ ಹೊರಟ ಹೆಣ್ಣುಮಕ್ಕಳು ಬೂಟು, ಜೆರ್ಸಿ, ಪಾಸ್‌ಪೋರ್ಟುಗಳ ಜೊತೆ ಇನ್ನೊಂದು ಕಾಗದವನ್ನೂ ಜೋಪಾನ ಮಾಡಬೇಕಿತ್ತು. ಅದನ್ನು ಹೊಂದಿದವರು ಹೆಣ್ಣೇ ಎಂದು ವೈದ್ಯರು ದೃಢೀಕರಿಸಿದ ಪ್ರಮಾಣಪತ್ರ ಅದು. ಒಮ್ಮೆ ಪರೀಕ್ಷೆ ಮಾಡಿಸಿ ಆ ಪತ್ರ ಪಡೆದರೆ ಮುಂದಿನ ಕೂಟಗಳಲ್ಲಿ ಅದನ್ನು ತೋರಿಸಿ ಒಳಗೆ ಹೋಗಬಹುದಿತ್ತು. ಗಂಡಸರಿಗೆ ಇಂಥದ್ದೇನೂ ಬೇಕಿರಲಿಲ್ಲ. 1976ರ ಮಾಂಟ್ರಿಯಲ್ ಕೂಟದಲ್ಲಿ ಈ ಪರೀಕ್ಷೆಯಿಂದ ವಿನಾಯಿತಿ ಪಡೆದ ಮಹಿಳೆಯೆಂದರೆ ಕುದುರೆ ಸವಾರಿಯಲ್ಲಿ ಭಾಗವಹಿಸಿದ್ದ ಬ್ರಿಟನ್ನಿನ ರಾಜಕುಮಾರಿ ಆ್ಯನ್. ರಾಣಿಯ ಮಗಳನ್ನು ಹೆಣ್ಣೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗಂಡು ಯಾರು, ಹೆಣ್ಣು ಯಾರು ಎಂಬ ಪ್ರಶ್ನೆ ದಿನನಿತ್ಯದ ಬದುಕಿನಲ್ಲಿ ಏಳುವುದೇ ಅಪರೂಪ. ನೋಡಿದರೆ ಗೊತ್ತಾಗುತ್ತದೆ ಎಂದು ಎಲ್ಲರೂ ನಂಬಿದ್ದೇವೆ. ಬಹುಪಾಲು ಸಂದರ್ಭಗಳಲ್ಲಿ ಗೊತ್ತಾಗುವುದೂ ಹೌದು. ಆದರೆ ಮಹಿಳೆಯರ ಸ್ಪರ್ಧೆ ಎಂಬ ಬೇರೆ ವಿಭಾಗವನ್ನು ಇಟ್ಟುಕೊಂಡ ಕ್ರೀಡಾ ಸಂಸ್ಥೆಗಳಿಗೆ ಆ ವಿಭಾಗದ ಬೇಲಿ ಎಲ್ಲಿದೆ ಎಂದು ಖಚಿತವಾಗಿ ಹೇಳಬೇಕಾದ ಒತ್ತಡ ಬಂತು. ಹೀಗಾಗಿ ಲಿಂಗದ ಜೀವಶಾಸ್ತ್ರ ಎಷ್ಟು ಸಂಕೀರ್ಣ ಎಂಬ ಪಾಠ ಜಗತ್ತಿಗೆ ಸಿಕ್ಕಿದ್ದು ವೈದ್ಯಕೀಯ ಕಾಲೇಜುಗಳಿಗಿಂತ ಹೆಚ್ಚಾಗಿ ಓಟದ ಅಂಕಣದಲ್ಲಿ. ಆ ಪಾಠದ ಶುಲ್ಕವನ್ನು ತೆತ್ತವರು ಮಾತ್ರ ಕೆಲವೇ ಕೆಲವು ಹೆಣ್ಣುಮಕ್ಕಳು.

ಸಂಶಯದ ಹುಟ್ಟು

1936ರ ಬರ್ಲಿನ್ ಒಲಿಂಪಿಕ್ಸ್‌ನ ಮಹಿಳೆಯರ 100 ಮೀಟರ್ ಓಟದಲ್ಲಿ ಅಮೆರಿಕದ ಹೆಲೆನ್ ಸ್ಟೀವನ್ಸ್ ಗೆದ್ದರು. ಹಿಂದಿನ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಪೋಲೆಂಡಿನ ಸ್ಟೆಲ್ಲಾ ವಾಲ್ಷ್ ಎರಡನೆಯವರಾದರು. ಸ್ಟೀವನ್ಸ್ ಗಂಡಸಿರಬೇಕು ಎಂದು ಪೋಲೆಂಡಿನ ಕಡೆಯಿಂದ ಆರೋಪ ಬಂತು. ಅವರನ್ನು ಪರೀಕ್ಷಿಸಲಾಗಿದೆ, ಹೆಣ್ಣೇ ಹೌದು ಎಂಬ ಉತ್ತರವೂ ಬಂತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 44 ವರ್ಷಗಳ ನಂತರ, 1980ರ ಡಿಸೆಂಬರಿನಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ ದರೋಡೆಕೋರರ ಗುಂಡಿಗೆ ವಾಲ್ಷ್ ಬಲಿಯಾದರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ದೇಹ ಹೆಣ್ಣು ಅಥವಾ ಗಂಡು ಎಂಬ ಸರಳ ವಿಂಗಡಣೆಗೆ ಸಿಗುವಂಥದ್ದಲ್ಲ ಎಂದು ತಿಳಿಯಿತು. ಹುಟ್ಟಿದಾಗಿನಿಂದ ಹೆಣ್ಣಾಗಿ ಬೆಳೆದು, ಹೆಣ್ಣಾಗಿ ಓಡಿ, ಹೆಣ್ಣಾಗಿ ಮುದುಕಿಯಾಗುತ್ತಿದ್ದ ಅವರ ಗುಟ್ಟನ್ನು ಪತ್ರಿಕೆಗಳು ಅಂತ್ಯಕ್ರಿಯೆಗೆ ಮೊದಲೇ ಬೀದಿಗೆ ತಂದವು.

ಅದೇ ಬರ್ಲಿನ್ ಕೂಟದ ಎತ್ತರ ಜಿಗಿತದಲ್ಲಿ ನಾಲ್ಕನೆಯ ಸ್ಥಾನ ಪಡೆದ ಜರ್ಮನಿಯ ಡೋರಾ ರಾಟ್ಯೆನ್ ಅವರದು ಇನ್ನೊಂದು ಕಥೆ. 1918ರಲ್ಲಿ ಹುಟ್ಟಿದಾಗ ಸೂಲಗಿತ್ತಿ ಮೊದಲು ಗಂಡು ಎಂದಳು, ಆಮೇಲೆ ಹೆಣ್ಣು ಎಂದಳು. ಮಗು ಹೆಣ್ಣಾಗಿ ಬೆಳೆಯಿತು. 1938ರಲ್ಲಿ ರೈಲು ಪ್ರಯಾಣದ ನಡುವೆ ಮ್ಯಾಗ್ಡೆಬರ್ಗ್‌ನಲ್ಲಿ ಪೊಲೀಸರು ತಡೆದು ವಿಚಾರಿಸಿದ ಮೇಲೆ ಅವರು ಹೈನ್‌ರಿಶ್ ಎಂಬ ಹೆಸರಿನಲ್ಲಿ ಗಂಡಸಾಗಿ ಬದುಕಿದರು. ನಾಜಿಗಳು ಪದಕದಾಸೆಗೆ ಗಂಡಸಿಗೆ ಸೀರೆ ಉಡಿಸಿ ಕಳಿಸಿದ್ದರು ಎಂಬ ಅರ್ಥದ ಕಥೆ ಹತ್ತಾರು ವರ್ಷ ಚಲಾವಣೆಯಲ್ಲಿತ್ತು. ಪೊಲೀಸ್ ದಾಖಲೆಗಳು ಹೇಳುವುದು ಬೇರೆ: ಅಲ್ಲಿದ್ದದ್ದು ಸಂಚಲ್ಲ, ಹೆರಿಗೆಯ ಕೋಣೆಯಲ್ಲಿ ಅವಸರದಲ್ಲಿ ಕೊಟ್ಟ ಒಂದು ತೀರ್ಪು ಮತ್ತು ಅದನ್ನು ಹೊತ್ತು ಗೊಂದಲದಲ್ಲೇ ಬೆಳೆದ ಒಂದು ಜೀವ.

ಎರಡನೇ ಮಹಾಯುದ್ಧದ ನಂತರ ಶೀತಲ ಸಮರ ಬಂತು. ಸೋವಿಯತ್ ಒಕ್ಕೂಟದ ಅಕ್ಕತಂಗಿ ತಮಾರಾ ಮತ್ತು ಇರೀನಾ ಪ್ರೆಸ್ 1960 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ ಒಟ್ಟು ಐದು ಚಿನ್ನ ಗೆದ್ದರು. ಅವರು ಹೆಂಗಸರಲ್ಲ ಎಂಬ ಗುಸುಗುಸು ಪಶ್ಚಿಮದ ಪತ್ರಿಕೆಗಳಲ್ಲಿ ಬಹಿರಂಗ ಲೇವಡಿಯಾಯಿತು. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಲಿಂಗ ಪರೀಕ್ಷೆ ಕಡ್ಡಾಯ ಎಂದಾಗ ಪ್ರೆಸ್ ಸಹೋದರಿಯರು ಬರಲಿಲ್ಲ. ಮತ್ತೆಂದೂ ಸ್ಪರ್ಧಿಸಲೂ ಇಲ್ಲ. ಬಾರದಿದ್ದದ್ದೇ ಸಾಕ್ಷಿ ಎಂದು ಬರೆದವರು ಬಹಳ. ಆದರೆ ಆ ಪರೀಕ್ಷೆ ಹೇಗಿತ್ತು ಎಂಬುದನ್ನು ನೋಡಿದರೆ ಬಾರದಿರಲು ಬೇರೆ ಕಾರಣವೇ ಬೇಕಿಲ್ಲ ಅನಿಸುತ್ತದೆ: ಸ್ಪರ್ಧಿಗಳು ಬೆತ್ತಲಾಗಿ ವೈದ್ಯರ ತಂಡದ ಮುಂದೆ ಹಾದುಹೋಗಬೇಕಿತ್ತು.

ಒಂದು ಚುಕ್ಕೆಯ ತೀರ್ಪು

ಈ ಅವಮಾನದಿಂದ ಪಾರಾಗಲು ವಿಜ್ಞಾನ ದಾರಿ ತೋರಿಸಿತು ಎಂದೇ ಆಗ ಎಲ್ಲರೂ ಭಾವಿಸಿದರು. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಎವರ್ಟ್ ಬರ್ಟ್ರಮ್ ಬೆಕ್ಕುಗಳ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಹೆಣ್ಣುಬೆಕ್ಕಿನ ಕೋಶಕೇಂದ್ರದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ ಇರುವುದನ್ನು ಗಮನಿಸಿದ್ದರು. ಹೆಣ್ಣಿನ ಜೀವಕೋಶದಲ್ಲಿರುವ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಮುದುಡಿ ಸುಮ್ಮನಾಗುತ್ತದೆ ಎಂದು 1961ರಲ್ಲಿ ಮೇರಿ ಲಿಯಾನ್ ವಿವರಿಸಿದ ಮೇಲೆ ಆ ಚುಕ್ಕೆಯ ಅರ್ಥ ತಿಳಿಯಿತು. ಇನ್ನು ಬಟ್ಟೆ ಬಿಚ್ಚಬೇಕಿಲ್ಲ. ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಕೆರೆದು, ಅಂಟಿದ ಕೋಶಗಳಿಗೆ ಬಣ್ಣ ಹಾಕಿ ನೋಡಿದರಾಯಿತು. ಚುಕ್ಕೆ ಇದ್ದರೆ ಹೆಣ್ಣು, ಇಲ್ಲದಿದ್ದರೆ ಅಲ್ಲ.

1967ರಲ್ಲಿ ಕೀವ್‌ನಲ್ಲಿ ನಡೆದ ವರ್ಣತಂತು ಪರೀಕ್ಷೆಯಲ್ಲಿ ಪೋಲೆಂಡಿನ ಎವಾ ಕ್ವೊಬುಕೋಫ್ಸ್ಕಾ ಸಿಕ್ಕಿಬಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರಿಲೇ ಚಿನ್ನ ಮತ್ತು 100 ಮೀಟರ್ ಕಂಚು ಗೆದ್ದಿದ್ದವರು ಅವರು. ಹಿಂದಿನ ವರ್ಷ ಬುಡಾಪೆಸ್ಟ್‌ನ ಬೆತ್ತಲೆ ಪರೀಕ್ಷೆಯಲ್ಲಿ ಹೆಣ್ಣೆಂದು ತೇರ್ಗಡೆಯಾಗಿದ್ದವರೂ ಅವರೇ. ಅದೇ ದೇಹ, ಎರಡು ಪರೀಕ್ಷೆ, ಎರಡು ಉತ್ತರ. ಅವರ ಓಟದ ಬದುಕು ಮುಗಿಯಿತು. ವಿಶ್ವದಾಖಲೆಗಳ ಪಟ್ಟಿಯಿಂದ ಹೆಸರನ್ನು ತೆಗೆಯಲಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮಹಿಳೆಯರ ಸ್ಕೀಯಿಂಗ್‌ನಲ್ಲಿ 1966ರ ವಿಶ್ವ ಚಾಂಪಿಯನ್ ಆಗಿದ್ದ ಆಸ್ಟ್ರಿಯಾದ ಶಿನೆಗರ್ ಅವರಿಗೆ ತಾವು ವರ್ಣತಂತುಗಳ ಲೆಕ್ಕದಲ್ಲಿ ಗಂಡು ಎಂದು ತಿಳಿಯಿತು. ಅವರು ಆ ಸುದ್ದಿಯನ್ನು ಬಿಡುಗಡೆಯಂತೆ ಸ್ವೀಕರಿಸಿ, ಎರಿಕ್ ಆಗಿ ಬದುಕಿ, ಮದುವೆಯಾಗಿ, ತಂದೆಯೂ ಆದರು. ಪರೀಕ್ಷೆ ಒಂದೇ ಆದರೂ ಅದರ ಉತ್ತರದೊಂದಿಗೆ ಯಾರು ಹೇಗೆ ಬದುಕುತ್ತಾರೆ ಎಂಬುದನ್ನು ಪ್ರಯೋಗಾಲಯ ಹೇಳುವಂತಿರಲಿಲ್ಲ.

ಚುಕ್ಕೆಯ ತರ್ಕದಲ್ಲೇ ಒಂದು ತೂತಿತ್ತು, ಮತ್ತು ಅದು 1968ಕ್ಕೆ ಮೊದಲೇ ಗೊತ್ತಿತ್ತು. 1959ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಎರಡು ಸಂಗತಿ ಪ್ರಕಟಿಸಿದ್ದರು. ಕೆಲವು ಗಂಡಸರಲ್ಲಿ ಎಕ್ಸ್‌ಎಕ್ಸ್‌ವೈ ಎಂಬ ಮೂರು ವರ್ಣತಂತುಗಳಿರುತ್ತವೆ. ಕೆಲವು ಹೆಂಗಸರಲ್ಲಿ ಒಂದೇ ಎಕ್ಸ್ ಇರುತ್ತದೆ. ಚುಕ್ಕೆಯ ಪರೀಕ್ಷೆಗೆ ಇಳಿಸಿದರೆ ಮೊದಲನೆಯವರು ಹೆಂಗಸರಾಗಿ ಪಾಸಾಗುತ್ತಾರೆ, ಎರಡನೆಯವರು ನಪಾಸಾಗುತ್ತಾರೆ.

ಜೀವಶಾಸ್ತ್ರ ಹೇಳುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗರ್ಭದ ಮೊದಲ ಆರು ವಾರಗಳವರೆಗೆ ಭ್ರೂಣದ ಲೈಂಗಿಕ ಗ್ರಂಥಿ ಎತ್ತಲೂ ಹೋಗಬಲ್ಲ ಸ್ಥಿತಿಯಲ್ಲಿರುತ್ತದೆ. ವೈ ವರ್ಣತಂತುವಿನ ಮೇಲಿನ ಎಸ್‌ಆರ್‌ವೈ ಎಂಬ ವಂಶವಾಹಿ ಸಂಕೇತ ಕೊಟ್ಟರೆ ಅದು ವೃಷಣದ ದಾರಿ ಹಿಡಿಯುತ್ತದೆ. 1990ರಲ್ಲಿ ಈ ವಂಶವಾಹಿಯನ್ನು ಲಂಡನ್ನಿನಲ್ಲಿ ಪತ್ತೆ ಹಚ್ಚಿದರು. ಮರುವರ್ಷ ಅದನ್ನು ಎಕ್ಸ್‌ಎಕ್ಸ್ ಇಲಿಯ ಭ್ರೂಣಕ್ಕೆ ಸೇರಿಸಿದಾಗ ಇಲಿ ಗಂಡಾಗಿ ಬೆಳೆಯಿತು. ಆದರೆ ಆ ಸಂಕೇತದ ನಂತರವೂ ದಾರಿ ಉದ್ದ. ವೃಷಣ ಟೆಸ್ಟೊಸ್ಟೆರಾನ್ ತಯಾರಿಸಬೇಕು, ಅಗತ್ಯವಿದ್ದಲ್ಲಿ ಅದು ಇನ್ನೂ ಪ್ರಬಲವಾದ ರೂಪಕ್ಕೆ ಬದಲಾಗಬೇಕು, ಜೀವಕೋಶಗಳು ಅದನ್ನು ಬರಮಾಡಿಕೊಳ್ಳಬೇಕು. ಸರಪಳಿಯ ಯಾವುದೇ ಕೊಂಡಿ ಬೇರೆಯಾದರೂ ದೇಹ ಬೇರೆಯಾಗಿ ರೂಪುಗೊಳ್ಳುತ್ತದೆ. ವರ್ಣತಂತು, ಗ್ರಂಥಿ, ಹಾರ್ಮೋನು, ಹೊರ ಅಂಗ, ಇವೆಲ್ಲ ಬಹುತೇಕ ಜನರಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಕೆಲವರಲ್ಲಿ ಹಾಗಿರುವುದಿಲ್ಲ. ಇಂದು ಅವರನ್ನು ಅಂತರಲಿಂಗಿಗಳು ಎನ್ನುತ್ತೇವೆ.

ಅಂಥವರು ಎಷ್ಟು ಜನ? ಉತ್ತರ ವ್ಯಾಖ್ಯಾನವನ್ನು ಅವಲಂಬಿಸಿದೆ. 2000ದಲ್ಲಿ ಆ್ಯನ್ ಫೌಸ್ಟೊ ಸ್ಟರ್ಲಿಂಗ್ ಮತ್ತು ಸಂಗಡಿಗರು ಎಲ್ಲ ಬಗೆಯ ವ್ಯತ್ಯಾಸಗಳನ್ನೂ ಸೇರಿಸಿ ಶೇ 1.7 ಎಂದರು. ಹೊರನೋಟದಲ್ಲಿ ಯಾವ ಗೊಂದಲವೂ ಇಲ್ಲದವರನ್ನು ಬಿಟ್ಟು, ವರ್ಣತಂತುವಿಗೂ ದೇಹಕ್ಕೂ ತಾಳೆಯಾಗದವರನ್ನು ಮತ್ತು ಹೊರ ಅಂಗ ಅಸ್ಪಷ್ಟವಾಗಿರುವವರನ್ನಷ್ಟೇ ಎಣಿಸಬೇಕು ಎಂದು ಲಿಯೊನಾರ್ಡ್ ಸ್ಯಾಕ್ಸ್ 2002ರಲ್ಲಿ ಶೇ 0.018 ಎಂದರು. ಎರಡು ಸಂಖ್ಯೆಗಳ ನಡುವೆ ಸುಮಾರು ನೂರು ಪಟ್ಟು ಅಂತರ. ಇಂದಿಗೂ ಸಾರ್ವಜನಿಕ ಚರ್ಚೆಯಲ್ಲಿ ಒಂದು ಪಕ್ಷದವರು ಮೊದಲನೆಯದನ್ನೂ ಇನ್ನೊಂದು ಪಕ್ಷದವರು ಎರಡನೆಯದನ್ನೂ ಹಿಡಿದು ವಾದಿಸುತ್ತಾರೆ. ಇಬ್ಬರೂ ಎಣಿಸುತ್ತಿರುವುದು ಬೇರೆ ಬೇರೆ ಗುಂಪುಗಳನ್ನು ಎಂಬುದು ಆ ಗದ್ದಲದಲ್ಲಿ ಮರೆತುಹೋಗುತ್ತದೆ.

ಮನೆಯಲ್ಲಿ ಮರೆತ ಪ್ರಮಾಣಪತ್ರ

1985ರಲ್ಲಿ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಜ್ ಪಟಿನ್ಯೊ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆಂದು ಜಪಾನಿನ ಕೋಬೆಗೆ ಹೋದರು. ಎರಡು ವರ್ಷ ಹಿಂದೆ ಹೆಲ್ಸಿಂಕಿಯಲ್ಲಿ ಪರೀಕ್ಷೆ ಪಾಸಾಗಿ ಪಡೆದ ಪ್ರಮಾಣಪತ್ರವನ್ನು ಮಾತ್ರ ಮನೆಯಲ್ಲೇ ಮರೆತಿದ್ದರು. ಮತ್ತೆ ಪರೀಕ್ಷೆಯಾಯಿತು. ಈ ಬಾರಿ ನಪಾಸು. ಗಾಯವಾದಂತೆ ನಟಿಸಿ ಹಿಂದೆ ಸರಿಯುವಂತೆ ಅವರಿಗೆ ಸೂಚಿಸಲಾಯಿತು. ಅವರು ಹಾಗೇ ಮಾಡಿದರು. ಗ್ಯಾಲರಿಯಲ್ಲಿ ಕುಳಿತು ತಮ್ಮದಾಗಬೇಕಿದ್ದ ಓಟವನ್ನು ನೋಡಿದರು.

ಅವರ ವರ್ಣತಂತುಗಳು ಎಕ್ಸ್‌ವೈ. ದೇಹದೊಳಗೆ ವೃಷಣಗಳಿದ್ದವು, ಟೆಸ್ಟೊಸ್ಟೆರಾನ್ ಇತ್ತು. ಆದರೆ ಅದನ್ನು ಬರಮಾಡಿಕೊಳ್ಳುವ ಬಾಗಿಲೇ ಅವರ ಜೀವಕೋಶಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ಆಂಡ್ರೊಜೆನ್ ಅಸಂವೇದನೆ ಎನ್ನುವ ಸ್ಥಿತಿ ಇದು. ಇಂಥವರ ದೇಹ ಹುಟ್ಟಿನಿಂದಲೇ ಹೆಣ್ಣಿನ ರೂಪದಲ್ಲಿ ಬೆಳೆಯುತ್ತದೆ. ಗಂಡಸರ ಸ್ನಾಯುಬಲಕ್ಕೆ ಯಾವ ಹಾರ್ಮೋನು ಕಾರಣ ಎನ್ನುತ್ತಾರೋ ಆ ಹಾರ್ಮೋನಿನಿಂದ ಲಾಭ ಪಡೆಯಲಾಗದ ದೇಹವನ್ನೇ, ಅನ್ಯಾಯದ ಲಾಭದ ಹೆಸರಿನಲ್ಲಿ, ಪರೀಕ್ಷೆ ಹೊರಗೆ ಹಾಕಿತ್ತು.

1986ರ ಜನವರಿಯಲ್ಲಿ ರಾಷ್ಟ್ರೀಯ ಕೂಟದಿಂದ ಸದ್ದಿಲ್ಲದೆ ದೂರ ಉಳಿಯುವಂತೆ ಮತ್ತೆ ಒತ್ತಡ ಬಂತು. ಅವರು ಒಪ್ಪಲಿಲ್ಲ. 60 ಮೀಟರ್ ಹರ್ಡಲ್ಸ್ ಓಡಿ ಗೆದ್ದರು. ಮರುಕ್ಷಣವೇ ಪರೀಕ್ಷೆಯ ವರದಿ ಪತ್ರಿಕೆಗಳಿಗೆ ಸೋರಿತು. ವಿದ್ಯಾರ್ಥಿವೇತನ ಹೋಯಿತು, ಕ್ರೀಡಾ ವಸತಿಯಿಂದ ಹೊರಗೆ ಹಾಕಿದರು, ದಾಖಲೆಗಳನ್ನು ಅಳಿಸಿದರು, ಮದುವೆಯಾಗಬೇಕಿದ್ದವನು ಬಿಟ್ಟುಹೋದ. ಅವರ ಪರವಾಗಿ ನಿಂತವರಲ್ಲಿ ಮುಖ್ಯರು ಫಿನ್ಲೆಂಡಿನ ತಳಿವಿಜ್ಞಾನಿ ಆಲ್ಬರ್ಟ್ ಡಿ ಲಾ ಶಪೆಲ್. ಈ ಪರೀಕ್ಷೆ ಹಿಡಿಯಬೇಕಾದವರನ್ನು ಹಿಡಿಯುವುದಿಲ್ಲ, ಹಿಡಿಯಬಾರದವರನ್ನು ಹಿಡಿಯುತ್ತದೆ ಎಂದು ಅವರು ವರ್ಷಗಟ್ಟಲೆ ವಾದಿಸಿದರು. 1988ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಪಟಿನ್ಯೊ ಅವರಿಗೆ ಮತ್ತೆ ಅವಕಾಶ ಕೊಟ್ಟಿತು. ಅಷ್ಟರಲ್ಲಿ ಓಟದ ಒಳ್ಳೆಯ ವರ್ಷಗಳು ಕಳೆದಿದ್ದವು. ತಮ್ಮದೇ ದೇಶದ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅವರು ಅರ್ಹತೆ ತಪ್ಪಿಸಿಕೊಂಡದ್ದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ.

1992ರಲ್ಲಿ ಅಥ್ಲೆಟಿಕ್ಸ್ ಒಕ್ಕೂಟ ಎಲ್ಲ ಹೆಣ್ಣುಮಕ್ಕಳನ್ನೂ ಪರೀಕ್ಷಿಸುವ ಪದ್ಧತಿಯನ್ನು ಕೈಬಿಟ್ಟಿತು. ಒಲಿಂಪಿಕ್ಸ್ ಸಮಿತಿ ಬಿಡಲಿಲ್ಲ. ಚುಕ್ಕೆಯ ಬದಲು ಎಸ್‌ಆರ್‌ವೈ ವಂಶವಾಹಿಯನ್ನು ಹುಡುಕತೊಡಗಿತು. 1996ರ ಅಟ್ಲಾಂಟಾ ಕೂಟದಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದಾಗ ಎಂಟು ಜನರಲ್ಲಿ ಅದು ಸಿಕ್ಕಿತು. ವಿವರವಾಗಿ ತಪಾಸಣೆ ಮಾಡಿದ ಮೇಲೆ ಎಂಟೂ ಜನರಿಗೆ ಸ್ಪರ್ಧಿಸಲು ಅನುಮತಿ ದೊರೆಯಿತು. ಹೆಣ್ಣಿನ ವೇಷದ ಗಂಡಸು ಒಬ್ಬನೂ ಸಿಗಲಿಲ್ಲ. 1999ರಲ್ಲಿ ಒಲಿಂಪಿಕ್ಸ್ ಸಮಿತಿಯೂ ಸಾಮೂಹಿಕ ಪರೀಕ್ಷೆ ನಿಲ್ಲಿಸಿತು. ಆದರೆ ಯಾರ ಮೇಲಾದರೂ ಅನುಮಾನ ಬಂದರೆ ಅವರೊಬ್ಬರನ್ನು ಪರೀಕ್ಷಿಸುವ ಅಧಿಕಾರ ಉಳಿಯಿತು.

ಇಟ್ಟಿಗೆ ಗೂಡಿನಿಂದ, ನೇಕಾರರ ಮನೆಯಿಂದ

ಅನುಮಾನ ಯಾರ ಮೇಲೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಭಾರತಕ್ಕೆ ಚೆನ್ನಾಗಿ ಗೊತ್ತು. ಶಾಂತಿ ಸೌಂದರರಾಜನ್ ತಮಿಳುನಾಡಿನ ಪುದುಕೋಟೆ ಜಿಲ್ಲೆಯವರು. ಇಟ್ಟಿಗೆ ಗೂಡಿನಲ್ಲಿ ದುಡಿಯುವ ದಲಿತ ಕುಟುಂಬದ ಮಗಳು. 2006ರ ಡಿಸೆಂಬರಿನಲ್ಲಿ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಅದರ ಬೆನ್ನಲ್ಲೇ ಅವರನ್ನು ಪರೀಕ್ಷೆಗೆ ಒಳಪಡಿಸಲಾಯಿತು. ಏನು ಪರೀಕ್ಷೆ, ಯಾಕೆ, ಫಲಿತಾಂಶವೇನು ಎಂದು ಕೂರಿಸಿ ವಿವರಿಸಿದವರಿಲ್ಲ. ಕೆಲವೇ ದಿನಗಳಲ್ಲಿ ಟಿವಿ ವಾಹಿನಿಗಳು ‘ಲಿಂಗ ಪರೀಕ್ಷೆಯಲ್ಲಿ ಫೇಲ್’ ಎಂದು ಅವರ ಮುಖವನ್ನು ತೋರಿಸತೊಡಗಿದವು. ಪದಕ ವಾಪಸು ಹೋಯಿತು. ಮುಖ್ಯಮಂತ್ರಿ ಕರುಣಾನಿಧಿ ಘೋಷಿಸಿದ್ದ 15 ಲಕ್ಷ ರೂಪಾಯಿ ಬಹುಮಾನವನ್ನು ರಾಜ್ಯ ಸರ್ಕಾರ ಹಿಂದಕ್ಕೆ ಪಡೆಯಲಿಲ್ಲ ಎಂಬುದೊಂದೇ ಸಮಾಧಾನ. ಕೆಲವು ವರ್ಷಗಳ ನಂತರ ಅವರು ದಿನಗೂಲಿಗೆ ಇಟ್ಟಿಗೆ ಗೂಡಿಗೇ ಮರಳಿದ್ದರು. ಪತ್ರಿಕೆಗಳು ಅದನ್ನು ಬರೆದ ಮೇಲೆ ಬೆಂಗಳೂರಿನಲ್ಲಿ ಕೋಚಿಂಗ್ ಡಿಪ್ಲೊಮಾ ಓದುವ ಅವಕಾಶ ಸಿಕ್ಕಿತು. ಮುಂದೆ ತಮಿಳುನಾಡು ಸರ್ಕಾರದ ಕ್ರೀಡಾ ಇಲಾಖೆಯಲ್ಲಿ ಕೋಚ್ ಆದರು.

2009ರಲ್ಲಿ ಬರ್ಲಿನ್‌ನಲ್ಲಿ 18 ವರ್ಷದ ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ವಿಶ್ವ ಚಾಂಪಿಯನ್ ಆದಾಗ ಇದೇ ನಾಟಕ ಜಗತ್ತಿನ ಮುಂದೆ ನಡೆಯಿತು. 2011ರಲ್ಲಿ ಹೊಸ ನಿಯಮ ಬಂತು: ಈಗ ಅಳೆಯುವುದು ಚುಕ್ಕೆಯನ್ನಲ್ಲ, ವಂಶವಾಹಿಯನ್ನಲ್ಲ, ರಕ್ತದ ಟೆಸ್ಟೊಸ್ಟೆರಾನನ್ನು. ಮಿತಿ ಲೀಟರಿಗೆ 10 ನ್ಯಾನೊಮೋಲ್. ಅದಕ್ಕಿಂತ ಹೆಚ್ಚಿದ್ದರೆ ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಇಳಿಸಿಕೊಳ್ಳಬೇಕು. 2013ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ಪ್ರಬಂಧವೊಂದು, ಬಡ ದೇಶಗಳ ಹಳ್ಳಿಗಳಿಂದ ಬಂದ 18ರಿಂದ 21 ವಯಸ್ಸಿನ ನಾಲ್ವರು ಓಟಗಾರ್ತಿಯರ ಆಂತರಿಕ ಗ್ರಂಥಿಗಳನ್ನು ತೆಗೆದುಹಾಕಿದ್ದನ್ನು ದಾಖಲಿಸಿತು. ಅವರ ಆರೋಗ್ಯಕ್ಕೆ ಅಗತ್ಯವಿರದಿದ್ದ ಶಸ್ತ್ರಕ್ರಿಯೆಗಳೂ ಅದರಲ್ಲಿ ಸೇರಿದ್ದವು.

ಒಡಿಶಾದ ಜಾಜ್‌ಪುರ ಜಿಲ್ಲೆಯ ನೇಕಾರರ ಮಗಳು ದ್ಯುತಿ ಚಂದ್ ಆ ದಾರಿ ಹಿಡಿಯಲು ಒಪ್ಪಲಿಲ್ಲ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟಕ್ಕೆ ಹೊರಡುವ ಮುನ್ನ ತಂಡದಿಂದ ಕೈಬಿಟ್ಟಾಗ ಅವರು ಸ್ವಿಟ್ಜರ್ಲೆಂಡಿನಲ್ಲಿ ನೆಲೆಯಿರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಹೋದರು. ಗಂಡಸರ ಮತ್ತು ಹೆಂಗಸರ ಉನ್ನತ ಮಟ್ಟದ ಓಟಗಳ ನಡುವೆ ಶೇ 10ರಿಂದ 12ರಷ್ಟು ಅಂತರವಿದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಸಹಜವಾಗಿ ಟೆಸ್ಟೊಸ್ಟೆರಾನ್ ಹೆಚ್ಚಿರುವ ಹೆಣ್ಣಿಗೆ ಅಷ್ಟು ದೊಡ್ಡ ಲಾಭ ಇದೆ ಎಂಬುದಕ್ಕೆ ಸಾಕ್ಷ್ಯ ಸಾಲದು ಎಂದು 2015ರ ಜುಲೈನಲ್ಲಿ ನಿಯಮವನ್ನು ಅಮಾನತಿನಲ್ಲಿಟ್ಟಿತು. 1980ರಲ್ಲಿ ಪಿ.ಟಿ. ಉಷಾ ಓಡಿದ 36 ವರ್ಷಗಳ ನಂತರ, ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಭಾರತದ ಹೆಣ್ಣೊಬ್ಬರು ಕಾಣಿಸಿಕೊಂಡದ್ದು ಹೀಗೆ.

2018ರಲ್ಲಿ ಒಕ್ಕೂಟ ಮಿತಿಯನ್ನು 5ಕ್ಕೆ ಇಳಿಸಿ, 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ ಹೊಸ ನಿಯಮ ತಂದಿತು. ದ್ಯುತಿ ಪಾರಾದರು, ಸೆಮೆನ್ಯಾ ಸಿಕ್ಕಿಕೊಂಡರು. ನಿಯಮಕ್ಕೆ ಆಧಾರವಾಗಿದ್ದ 2017ರ ಅಧ್ಯಯನದ ಲೇಖಕರು 2021ರಲ್ಲಿ ತಿದ್ದುಪಡಿ ಪ್ರಕಟಿಸಿ, ತಮ್ಮ ಫಲಿತಾಂಶ ಕಾರ್ಯಕಾರಣ ಸಂಬಂಧವನ್ನು ತೋರಿಸುವುದಿಲ್ಲ ಎಂದು ಒಪ್ಪಿಕೊಂಡರು. 2023ರಲ್ಲಿ ಮಿತಿ 2.5ಕ್ಕೆ ಇಳಿದು ಎಲ್ಲ ಸ್ಪರ್ಧೆಗಳಿಗೂ ಅನ್ವಯವಾಯಿತು.

‘ಅದು’ ಎಂಬ ಮಗು

ಕನ್ನಡದಲ್ಲಿ ಮಗು ನಪುಂಸಕಲಿಂಗ. ಮಗು ಅಳುತ್ತದೆ, ಮಗು ಮಲಗಿದೆ, ಅದಕ್ಕೆ ಹಸಿವಾಗಿದೆ. ಹವ್ಯಕ ಕನ್ನಡದಲ್ಲಿ ಹೆಂಗಸರನ್ನೂ ‘ಅದು’ ಎನ್ನುವುದುಂಟು; ಹೈದರಾಬಾದಿನ ಕನ್ನಡಿಗರು ತೆಲುಗಿನ ‘ಅದಿ’ ಹೆಣ್ಣಿಗೂ ವಸ್ತುವಿಗೂ ಒಂದೇ ಎಂಬುದನ್ನು ದಿನಾ ಕೇಳುತ್ತಾರೆ. ವ್ಯಾಕರಣದ ಲಿಂಗ ಜನ ಮಾಡಿಕೊಂಡ ಏರ್ಪಾಡು, ಊರಿಂದೂರಿಗೆ ಬದಲಾಗುತ್ತದೆ. ತೊಡಕು ಇರುವುದು ‘ಲಿಂಗ’ ಎಂಬ ಒಂದೇ ಪದ ವ್ಯಾಕರಣಕ್ಕೂ, ದೇಹಕ್ಕೂ, ಸಮಾಜದಲ್ಲಿ ಬದುಕುವ ರೀತಿಗೂ ದುಡಿಯುವುದರಲ್ಲಿ. ಶಾಲೆಯ ವ್ಯಾಕರಣದಲ್ಲಿ ತಟಸ್ಥವಾಗಿರುವ ‘ನಪುಂಸಕ’ ಬೀದಿಗೆ ಬಂದರೆ ಬೈಗುಳ. ಹೀಗಾಗಿ ಶಾಂತಿಯವರ ಸುದ್ದಿ ಬಂದಾಗ ಭಾರತೀಯ ಭಾಷೆಗಳ ಪತ್ರಿಕೆಗಳ ಬಳಿ ಅವಮಾನ ಮಾಡದೆ ವಿವರಿಸುವ ಪದಗಳೇ ಕಡಿಮೆ ಇದ್ದವು. ಅಂತರಲಿಂಗಿ ಮತ್ತು ಲಿಂಗಪರಿವರ್ತಿತರು ಒಂದೇ ಎಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಮೊದಲನೆಯದು ಹುಟ್ಟಿನಿಂದ ಬಂದ ದೇಹದ ಸಂಗತಿ. ಎರಡನೆಯದು ಹುಟ್ಟಿದಾಗ ಬೇರೆಯವರು ಗುರುತಿಸಿದ್ದಕ್ಕೂ ತಾನು ಕಂಡುಕೊಂಡದ್ದಕ್ಕೂ ಇರುವ ಅಂತರದ ಸಂಗತಿ.

ಮಗುವನ್ನು ‘ಅದು’ ಎಂದು ಕರೆದರೂ, ಗಂಡೋ ಹೆಣ್ಣೋ ಎಂಬುದೇ ಹೆರಿಗೆ ವಾರ್ಡಿನ ಹೊರಗೆ ಕಾದವರ ಮೊದಲ ಪ್ರಶ್ನೆ. ಉತ್ತರ ಸ್ಪಷ್ಟವಿಲ್ಲದಿದ್ದರೆ ಕತ್ತರಿಯಿಂದ ಸ್ಪಷ್ಟ ಮಾಡುವ ಪದ್ಧತಿ 1950ರ ದಶಕದ ಅಮೆರಿಕದಲ್ಲಿ ಬೇರೂರಿ ಎಲ್ಲೆಡೆ ಹಬ್ಬಿತು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಮದುವೆ ನೋಂದಣಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಈ ವಿಷಯವನ್ನೂ ಎತ್ತಿಕೊಂಡು, ಅಂತರಲಿಂಗಿ ಶಿಶುಗಳ ಮೇಲೆ ಇಂಥ ಶಸ್ತ್ರಚಿಕಿತ್ಸೆ ನಿಷೇಧಿಸುವಂತೆ ನಿರ್ದೇಶಿಸಿದರು. ಅದೇ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ, ಜೀವಕ್ಕೆ ಅಪಾಯವಿರುವ ಸಂದರ್ಭ ಬಿಟ್ಟು ಉಳಿದಂತೆ ಅದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಶಾಂತಿಯವರ ರಾಜ್ಯವೇ ಇದರಲ್ಲಿ ದೇಶಕ್ಕೆ ಮೊದಲಾಯಿತು.

ಮರಳಿ ಬಂದ ಪರೀಕ್ಷೆ

2025ರ ಜುಲೈ 10ರಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ಹಿರಿಯ ಪೀಠ, ಸೆಮೆನ್ಯಾ ಅವರಿಗೆ ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಎಂದು ಹೇಳಿತು. ಅದೇ ತಿಂಗಳ ಕೊನೆಯಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಹೊಸ ನಿಯಮ ಪ್ರಕಟಿಸಿತು: ಸೆಪ್ಟೆಂಬರ್ 1ರಿಂದ, ವಿಶ್ವಮಟ್ಟದ ಮಹಿಳಾ ಸ್ಪರ್ಧೆಗಳಿಗೆ ಬರುವ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಮ್ಮೆ ಎಸ್‌ಆರ್‌ವೈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆನ್ನೆಯ ಒಳಬದಿಯ ಮಾದರಿ ಅಥವಾ ರಕ್ತ. 1999ರಲ್ಲಿ ಬೇಡವೆಂದು ಬಿಟ್ಟದ್ದೇ ಮತ್ತೆ ಬಂತು. ಆ ವಂಶವಾಹಿಯನ್ನು ಪತ್ತೆ ಹಚ್ಚಿದ ತಂಡದ ಆ್ಯಂಡ್ರ್ಯೂ ಸಿಂಕ್ಲೇರ್ ಇದನ್ನು ವಿರೋಧಿಸಿದರು. ವಂಶವಾಹಿ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಪರೀಕ್ಷೆ ಹೇಳುತ್ತದೆ, ಅದು ದೇಹದಲ್ಲಿ ಏನು ಮಾಡಿದೆ ಎಂಬುದನ್ನಲ್ಲ ಎಂಬುದು ಅವರ ವಾದದ ತಿರುಳು. ಸಂಪೂರ್ಣ ಆಂಡ್ರೊಜೆನ್ ಅಸಂವೇದನೆ ಇರುವವರಿಗೆ ಹೊಸ ನಿಯಮದಲ್ಲಿ ವಿನಾಯಿತಿ ಇದೆ; ಪಟಿನ್ಯೊ ಅವರಿಂದ ಕಲಿತದ್ದು ಅಷ್ಟು.

ನಿಯಮದ ಪರ ಇರುವವರ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಮಹಿಳೆಯರ ವಿಭಾಗ ಇರುವುದೇ ಗಂಡಸರ ದೇಹಕ್ಕೆ ಪ್ರಾಯದಲ್ಲಿ ದೊರೆಯುವ ಅನುಕೂಲವನ್ನು ಹೊರಗಿಡಲು. ಆ ಅನುಕೂಲ ಅಂತರಲಿಂಗಿಗಳಲ್ಲಿ ಕೆಲವರಿಗೆ ಪೂರ್ತಿ ಸಿಕ್ಕಿರಬಹುದು, ಕೆಲವರಿಗೆ ಅರ್ಧ, ಕೆಲವರಿಗೆ ಏನೂ ಇಲ್ಲ. ನಾಲ್ಕನೇ ಸ್ಥಾನಕ್ಕೆ ಬಂದು ಪದಕ ತಪ್ಪಿದ ಓಟಗಾರ್ತಿಯ ಪ್ರಶ್ನೆಯೂ ನಿಜವಾದ ಪ್ರಶ್ನೆಯೇ. ಯಾವ ಸ್ಪರ್ಧೆಯಲ್ಲಿ ಯಾರು ಓಡಬೇಕೆಂದು ಕ್ರೀಡಾ ಸಂಸ್ಥೆಗಳು ಗೆರೆ ಎಳೆಯಲೇಬೇಕಾಗುತ್ತದೆ. ತೂಕದ ವಿಭಾಗ, ವಯಸ್ಸಿನ ವಿಭಾಗಗಳಿಗೂ ಗೆರೆ ಇದೆ. ಆದರೆ ವಯೋಮಿತಿ ಮೀರಿದ ಹುಡುಗನಿಗೆ ನೀನು ಈ ಸ್ಪರ್ಧೆಗೆ ಬರುವಂತಿಲ್ಲ ಎನ್ನುತ್ತಾರೆಯೇ ಹೊರತು ನೀನು ಯಾರು ಎಂಬುದೇ ಸುಳ್ಳು ಎನ್ನುವುದಿಲ್ಲ.

ಎವಾ, ಮರಿಯಾ, ಶಾಂತಿ ಇವರ ಬದುಕು ಮುರಿದದ್ದು ಅನರ್ಹತೆಯೊಂದರಿಂದಲೇ ಅಲ್ಲ. ವೈದ್ಯರೂ ಅಧಿಕಾರಿಗಳೂ ಮುಚ್ಚಿಡಬೇಕಾಗಿದ್ದ ಕಾಗದ ಪತ್ರಕರ್ತರ ಕೈಗೆ ಹೋದದ್ದರಿಂದ; ತಮ್ಮ ದೇಹದ ಬಗ್ಗೆ ತಮಗೇ ಗೊತ್ತಿರದ ಸಂಗತಿಯನ್ನು ಊರಿನವರ ಜೊತೆಗೇ ಕೇಳಬೇಕಾಗಿ ಬಂದದ್ದರಿಂದ. ಈಗ ಪರೀಕ್ಷೆ ಮಾಡಿಸುವ ಹೊಣೆ ಆಯಾ ದೇಶದ ಕ್ರೀಡಾ ಸಂಸ್ಥೆಗಳ ಮೇಲಿದೆ. ಪುದುಕೋಟೆಯಿಂದಲೋ ಜಾಜ್‌ಪುರದಿಂದಲೋ ಬರುವ ಮುಂದಿನ ಹುಡುಗಿಗೆ ಫಲಿತಾಂಶವನ್ನು ಯಾರು, ಯಾವ ಭಾಷೆಯಲ್ಲಿ, ಯಾರ ಸಮ್ಮುಖದಲ್ಲಿ ಹೇಳುತ್ತಾರೆ, ಆ ಕೋಣೆಯಿಂದ ಅದು ಹೊರಗೆ ಬಾರದಂತೆ ಯಾರು ಕಾಯುತ್ತಾರೆ ಎಂಬುದನ್ನು ಈ ದೇಶ ಆಕೆಯ ಕೆನ್ನೆಯ ಮಾದರಿ ತೆಗೆಯುವ ಮೊದಲೇ ನಿರ್ಧರಿಸಿಕೊಳ್ಳಬೇಕು.